ತಣ್ಣೀರಿನಂಥ ದನಿ

ಆಪ್ತಸಮಾಲೋಚಕಿಯ ಎದುರು ಒಂದು ಗಂಟೆ ಕೂರುವುದಕ್ಕೆ ಆಂಬುಲೆನ್ಸ್ ಕಚೇರಿಯೇ ಹಣ ಕಟ್ಟುತ್ತಿತ್ತು. ಹಾಗಾಗಿ ಅದು ಪುಕ್ಕಟೆ ಎಂದು ಕಚೇರಿಯವರ ಲೆಕ್ಕ. ಹೋಗಿ ಕೂರುವವಳಿಗೆ ಬೀಳುತ್ತಿದ್ದ ಖರ್ಚೇ ಬೇರೆ. ಮಗನಿಗೆ ಜ್ವರ ಬಂದರೆ ಇರಲಿ ಎಂದು ಕೂಡಿಟ್ಟುಕೊಂಡ ರಜೆಯಲ್ಲಿ ವಾರಕ್ಕೆ ಅರ್ಧ ದಿನ. ಹೋಗಲು ಎರಡು ಬಸ್ಸು, ಬರಲು ಎರಡು. ಜೊತೆ ಕೆಲಸದವರಿಗೆ ಒಂದು ಸುಳ್ಳು, ಅತ್ತೆಗೆ ಇನ್ನೊಂದು. ಸುಳ್ಳು ಹೇಳುವುದು ಸುಲಭ, ಅದನ್ನು ಸಾಕುವುದು ದುಬಾರಿ. ಹಲ್ಲಿನ ಡಾಕ್ಟರ ಹತ್ತಿರ ಹೋಗುತ್ತಿದ್ದೇನೆ ಎಂದು ಅತ್ತೆಗೆ ಹೇಳಿದ ತಪ್ಪಿಗೆ ಅವಳು ಮನೆಯಲ್ಲಿ ಎಡಗಡೆಯಿಂದಷ್ಟೇ ಅಗಿಯಬೇಕಾಗಿತ್ತು. ಒಂದು ದಿನ ಮರೆತು ಬಲಗಡೆ ಅಗಿದಾಗ ಅತ್ತೆ ತಟ್ಟೆಯಿಂದ ಕಣ್ಣೆತ್ತದೆ ಕೇಳಿದರು: "ಇಷ್ಟು ಸಲ ಹೋಗ್ತೀಯಲ್ಲ, ನಿನ್ನ ಹಲ್ಲು ಮಾತ್ರಾನಾ, ಇಲ್ಲ ಬೀದಿಯವರದ್ದೆಲ್ಲ ಒಟ್ಟು ಮಾಡಿ ತೋರಿಸ್ಕೊಂಡು ಬರ್ತಿದೀಯಾ?"

ಇಷ್ಟೆಲ್ಲ ತೆತ್ತ ಮೇಲೆ ಆ ಒಂದು ಗಂಟೆಯಲ್ಲಿ ನಿಜ ಹೇಳಿದರೆ ಮಾತ್ರ ಕೊಟ್ಟದ್ದು ವಸೂಲಾಗುತ್ತದೆ. ಅವಳು ಅದೊಂದನ್ನು ಬಿಟ್ಟು ಉಳಿದದ್ದೆಲ್ಲ ಹೇಳಿದಳು. ಅದು ಸಮಾಲೋಚಕಿಗೆ ಗೊತ್ತಾಗಲು ತಡವಾಯಿತು.

ಅವಳ ಕೆಲಸ ಆಂಬುಲೆನ್ಸ್ ಕಚೇರಿಯಲ್ಲಿ ಫೋನ್ ಎತ್ತುವುದು. ತಲೆಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಎದುರಿನ ಪರದೆ ನೋಡುತ್ತ, ಕಿರುಚುವವರ ಬಾಯಿಂದ ವಿಳಾಸ ಬಿಡಿಸಿಕೊಳ್ಳಬೇಕು. ಗಾಡಿ ತಲುಪುವವರೆಗೆ ಅವರನ್ನು ಫೋನಿನಲ್ಲೇ ಹಿಡಿದಿಟ್ಟುಕೊಳ್ಳಬೇಕು. ಎಲ್ಲಿದ್ದೀರಿ, ಏನಾಯಿತು, ಉಸಿರಾಡುತ್ತಿದ್ದಾರಾ ಎಂಬ ಮೂರು ಪ್ರಶ್ನೆಗಳನ್ನು ಅವಳು ಕೇಳುತ್ತಿದ್ದ ರೀತಿಗೆ ಎದುರಿನವರ ಎದೆಬಡಿತ ಇಳಿಯುತ್ತಿತ್ತಂತೆ. ಅದಕ್ಕೇ ಕಚೇರಿಯಲ್ಲಿ ಅವಳಿಗೆ 'ತಣ್ಣೀರು' ಎಂದು ಹೆಸರಿಟ್ಟಿದ್ದರು. ಹೊಸಬರಿಗೆ ತರಬೇತಿ ಕೊಡುವಾಗ ಮೇಲ್ವಿಚಾರಕರು ಅವಳ ಹಳೆಯ ಕರೆಗಳನ್ನು ಹಾಕಿ ಕೇಳಿಸುತ್ತಿದ್ದರು.

ಒಂದು ಮಧ್ಯಾಹ್ನ ಒಬ್ಬ ತಂದೆಯ ಕರೆ ಬಂತು. ಮಗುವಿನ ಗಂಟಲಲ್ಲಿ ಏನೋ ಸಿಕ್ಕಿಕೊಂಡು ಮುಖ ನೀಲಿಯಾಗಿತ್ತು. ಮಗುವನ್ನು ಹೇಗೆ ಕವುಚಿ ಹಿಡಿಯಬೇಕು, ಬೆನ್ನಿಗೆ ಎಲ್ಲಿ ತಟ್ಟಬೇಕು ಎಂದು ಅವಳು ಹೇಳಿಕೊಟ್ಟಳು. ಆತ ತಟ್ಟಿದ. ಮಗು ಅತ್ತಿತು. ಸುತ್ತಲಿನವರು ಚಪ್ಪಾಳೆ ತಟ್ಟಿದರು. ಅವಳು ಹೆಡ್‌ಫೋನ್ ತೆಗೆದಿಟ್ಟು ಶೌಚಾಲಯಕ್ಕೆ ಹೋಗಿ ಚಿಲಕ ಹಾಕಿಕೊಂಡಳು. ಎಷ್ಟು ಹೊತ್ತಾದರೂ ಬರಲಿಲ್ಲ. ಗೆಳತಿಯರು ಬಾಗಿಲು ಬಡಿದಾಗ ಒಳಗಿನಿಂದ ಅದೇ ತಣ್ಣಗಿನ ದನಿ ಬಂತು: "ದಯವಿಟ್ಟು ಗಾಬರಿ ಆಗ್ಬೇಡಿ, ಲೈನಲ್ಲೇ ಇರಿ." ಮೊದಲು ಒಬ್ಬಳು ನಕ್ಕಳು. ಆಮೇಲೆ ಮತ್ತೆ ಮತ್ತೆ ಅದೇ ಮಾತು ಬಂದಾಗ ಯಾರೂ ನಗಲಿಲ್ಲ. ಬಡಗಿಯನ್ನು ಕರೆಸಿ ಬಾಗಿಲು ತೆಗೆಸಿದರು.

ಮಗು ಉಳಿದಿದೆ, ಇನ್ನೇನು ಕಷ್ಟ ಎಂದು ಎಲ್ಲರೂ ಕೇಳಿದರು. ಅವಳನ್ನು ಫೋನಿನಿಂದ ಎಬ್ಬಿಸಿ ಹಿಂದಿನ ಕೋಣೆಯಲ್ಲಿ ಕಾಗದ ಜೋಡಿಸಲು ಕೂರಿಸಿದರು. ಸಮಾಲೋಚಕಿ ಕೆಲಸಕ್ಕೆ ಅಡ್ಡಿಯಿಲ್ಲ ಎಂದು ಬರೆದು ಕೊಟ್ಟರೆ ಹಳೆಯ ಕುರ್ಚಿ, ಹಳೆಯ ಪಾಳಿ, ಹಳೆಯ ಸಂಬಳ. ಬರೆದು ಕೊಡದಿದ್ದರೆ ಉಗ್ರಾಣ. ಅಲ್ಲಿ ಹಾಸಿಗೆ ಬಟ್ಟೆ, ಕೈಗವಸು, ಸ್ಟ್ರೆಚರಿನ ಪಟ್ಟಿಗಳ ಮಧ್ಯೆ ಕೂತು ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಸಂಬಳ. ಗಂಡ ದೂರದ ದಾರಿಯ ಲಾರಿ ಓಡಿಸುವವನು. ಅವನ ದುಡ್ಡು ಬಂದಾಗ ಬಂತು. ಮನೆ ನಿಂತದ್ದು ಆ ಕುರ್ಚಿಯ ಮೇಲೆ.

ಸಮಾಲೋಚಕಿ ಮೊದಲು ಆಸ್ಪತ್ರೆಯ ದಾದಿಯಾಗಿದ್ದವರು. ತಲೆ ನರೆಯಲು ಶುರುವಾದ ಮೇಲೆ ಓದಿ ಈ ಕೆಲಸಕ್ಕೆ ಬಂದವರು. ದರ್ಜಿ ಅಂಗಡಿಯ ಮೇಲಿನ ಕೋಣೆಯಲ್ಲಿ ಕೂರುತ್ತಿದ್ದರು. ಎರಡು ಕುರ್ಚಿ, ಒಂದು ಮೇಜು, ನೀರಿನ ಜಗ್ಗು. ಕೆಳಗಿನಿಂದ ದಿನವಿಡೀ ಹೊಲಿಗೆ ಯಂತ್ರದ ಸದ್ದು. ಸುಸ್ತಾಗಿ ಬಂದವರ ಜೊತೆ ಅವರದ್ದು ಒಂದು ಪದ್ಧತಿ ಇತ್ತು. ಮನಸ್ಸಿಗೆ ಹೇಗನ್ನಿಸುತ್ತಿದೆ ಎಂದು ಕೇಳುತ್ತಿರಲಿಲ್ಲ. ದಣಿದವರನ್ನು ಹಾಗೆ ಕೇಳುವುದೆಂದರೆ ಅವರ ತಲೆ ಮೇಲೆ ಇನ್ನೊಂದು ಕೆಲಸ ಹೇರಿದಂತೆ ಎಂಬುದು ಅವರ ಅನುಭವ. ಅದರ ಬದಲು, "ನಿನ್ನೆ ಎದ್ದಾಗಿನಿಂದ ಮಲಗೋವರೆಗೆ ಹೇಳಿ" ಎನ್ನುತ್ತಿದ್ದರು. ಜನ ಹೇಳುತ್ತ ಹೋಗುತ್ತಾರೆ: ಎದ್ದೆ, ಹಾಲು ಕಾಯಿಸಿದೆ, ಬಸ್ಸು ಹತ್ತಿದೆ. ಎಲ್ಲೋ ಒಂದು ಕಡೆ ಮಾತು ಎಡವುತ್ತದೆ. ಎಡವಿದ ಜಾಗದಲ್ಲಿ ಸಮಾಲೋಚಕಿ ಕೈ ಕೊಡುತ್ತಿದ್ದರು. ಆಮೇಲೆ ಆ ದಿನದ ಕೆಲಸಗಳಲ್ಲಿ ಒಂದನ್ನು, ಒಂದೇ ಒಂದನ್ನು, ಬೇರೆ ಯಾರ ಕೈಗಾದರೂ ದಾಟಿಸಿ ಬನ್ನಿ ಎಂದು ಕಳಿಸುತ್ತಿದ್ದರು. ಒಗ್ಗಿಕೊಂಡು ಹೋಗಿ, ಧೈರ್ಯ ತಂದುಕೊಳ್ಳಿ ಎಂಬ ಮಾತುಗಳು ಆ ಕೋಣೆಯಲ್ಲಿ ನಡೆಯುತ್ತಿರಲಿಲ್ಲ.

ಈ ಪದ್ಧತಿಯಿಂದ ಎದ್ದು ನಿಂತವರು ಹಲವರಿದ್ದರು. ಒಬ್ಬ ಶಾಲಾ ಮೇಷ್ಟರಂತೂ ಮನೆಯ ಇಸ್ತ್ರಿ ಕೆಲಸವನ್ನು ಭಾವಮೈದುನನಿಗೆ ದಾಟಿಸಿದ ದಿನವೇ ಅರ್ಧ ಗುಣವಾದೆ ಎಂದು ಊರೆಲ್ಲ ಹೇಳಿಕೊಂಡು ತಿರುಗಿದ್ದರು.

ತಣ್ಣೀರು ಮೊದಲ ದಿನ ಬಂದು ನಿನ್ನೆಯದನ್ನು ಹೇಳಿದಳು. ಮಾತು ಎಲ್ಲೂ ಎಡವಲಿಲ್ಲ. ಒಳ್ಳೆಯದೇ ಆಯಿತು, ಇನ್ನೂ ತೀರಾ ಕೆಟ್ಟಿಲ್ಲ ಎಂದುಕೊಂಡರು ಸಮಾಲೋಚಕಿ. ಮುಂದಿನ ವಾರ ಅವಳು ಮಗನ ಬೂಟು ಪಾಲಿಶ್ ಮಾಡುವುದನ್ನು ಮಗನಿಗೇ ದಾಟಿಸಿ ಬಂದೆ ಎಂದಳು. ಅದರ ಮುಂದಿನ ವಾರ ನಿದ್ದೆ ಚೆನ್ನಾಗಿ ಬರುತ್ತಿದೆ, ಊಟ ಸೇರುತ್ತಿದೆ ಎಂದಳು. ಎಲ್ಲವೂ ಸರಿಯಾದ ಕ್ರಮದಲ್ಲಿ, ಬರಬೇಕಾದ ವೇಗದಲ್ಲೇ ಬರುತ್ತಿತ್ತು.

ಅವಳ ಸರದಿ ದಿನದ ಕೊನೆಯದು. ಅಷ್ಟು ಹೊತ್ತಿಗೆ ಸಮಾಲೋಚಕಿಯ ಕುತ್ತಿಗೆ ಕಲ್ಲಾಗಿರುತ್ತಿತ್ತು. ಅವಳು ಒಳಗೆ ಬಂದವಳೇ, "ಊಟ ಆಯ್ತಾ ಮೇಡಂ?" ಎನ್ನುತ್ತಿದ್ದಳು. ಎಲ್ಲರೂ ಕೇಳುವ ಮಾತೇ. ಆದರೆ ಇವಳು ಕೇಳಿ ಉತ್ತರಕ್ಕೆ ಕಾಯುತ್ತಿದ್ದಳು. ಒಂದು ದಿನ ಇಲ್ಲ, ಆಗಲಿಲ್ಲ ಎಂದುಬಿಟ್ಟರು ಸಮಾಲೋಚಕಿ. ಯಾಕೆ ಎಂದಳು. ಮನೆಯಲ್ಲಿ ಅಕ್ಕನಿಗೆ ಮರೆವಿನ ರೋಗ, ಬೆಳಿಗ್ಗೆ ಅವಳನ್ನು ಸುಧಾರಿಸಿ ಬರುವಷ್ಟರಲ್ಲಿ ಡಬ್ಬಿ ಮನೆಯಲ್ಲೇ ಉಳಿಯಿತು ಎಂದರು. ಅಲ್ಲಿಗೆ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. ಅಕ್ಕ ಒಮ್ಮೊಮ್ಮೆ ತಂಗಿಯಾದ ತನ್ನನ್ನೇ ಸತ್ತುಹೋದ ಅಮ್ಮ ಎಂದುಕೊಳ್ಳುವುದು, ಮಧ್ಯಾಹ್ನ ನೋಡಿಕೊಳ್ಳುವ ಹೆಂಗಸು ಹೋದ ಮೇಲೆ ತಾನು ಮನೆ ಮುಟ್ಟುವವರೆಗೆ ಅಕ್ಕ ಒಬ್ಬಳೇ ಇರುವುದು, ಹೀಗೆ ಒಂದೊಂದಾಗಿ ವಾರವಾರವೂ ಹೊರಬಂತು. ಅವಳು "ಹೂಂ" ಎನ್ನುತ್ತಿದ್ದಳು. ಎಲ್ಲಿ ಹೂಂ ಎನ್ನಬೇಕು, ಎಲ್ಲಿ ಸುಮ್ಮನಿರಬೇಕು ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಕೋಣೆಯೊಳಗೆ ಫೋನ್ ಆಫ್ ಇರಬೇಕೆಂಬುದು ಸಮಾಲೋಚಕಿ ಯಾರಿಗೂ ಸಡಿಲಿಸದ ನಿಯಮ. "ಆನ್ ಇರಲಿ ಬಿಡಿ ಮೇಡಂ, ಅಕ್ಕ ಒಬ್ಬರೇ ಇರ್ತಾರಲ್ಲ" ಎಂದು ಅವಳು ಹೇಳಿದ ಮೇಲೆ ಅದೂ ಸಡಿಲಾಯಿತು.

ಅವಳು ಹೋದ ಮೇಲೆ ಸಮಾಲೋಚಕಿಗೆ ಮೈ ಹಗುರಾಗಿರುತ್ತಿತ್ತು. ಬೇರೆ ದಿನಗಳಲ್ಲಿ ಮೆಟ್ಟಿಲಿಳಿಯುವಾಗ ಕೈಕಂಬಿ ಹಿಡಿಯುವವರು ಆ ದಿನ ಹಿಡಿಯುತ್ತಿರಲಿಲ್ಲ. ಇದನ್ನು ಅವರು ಅವಳು ಗುಣವಾಗುತ್ತಿರುವ ಲಕ್ಷಣ ಎಂದು ತಿಳಿದರು. ಬಂದವರ ಭಾರ ಇಳಿದರೆ ಕೇಳುವವರಿಗೂ ಗೊತ್ತಾಗುತ್ತದೆ ಎಂದು ಅವರೇ ಎಷ್ಟೋ ಸಲ ಕಿರಿಯರಿಗೆ ಹೇಳಿದ್ದುಂಟು. ದೀಪದ ಬುಡದಲ್ಲೇ ಕತ್ತಲೆ. ಇಳಿಯುತ್ತಿದ್ದದ್ದು ಯಾರ ಭಾರ ಎಂದು ತಿರುಗಿ ನೋಡಲಿಲ್ಲ.

ಇತ್ತ ಮೇಲ್ವಿಚಾರಕರ ಫೋನು ಶುರುವಾಯಿತು. ಕೆಟ್ಟ ಮನುಷ್ಯನಲ್ಲ. ಇಬ್ಬರು ಹುಡುಗಿಯರು ಕೆಲಸ ಬಿಟ್ಟಿದ್ದರು, ಇದ್ದವರು ಒಂದರ ಮೇಲೊಂದು ಪಾಳಿ ಮಾಡುತ್ತಿದ್ದರು. ಕರೆ ಎತ್ತಲು ತಡವಾದರೆ ಅಲ್ಲಿ ಜೀವ ಹೋಗುತ್ತದೆ ಎಂದು ಆತ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. "ಅವಳಂಥ ದನಿ ನನ್ನ ಹತ್ರ ಇನ್ನೊಂದಿಲ್ಲ ಮೇಡಂ. ಸೋಮವಾರಕ್ಕೆ ಕೂರಿಸ್ಬೇಕು" ಎಂದರು. ಸಮಾಲೋಚಕಿಯೂ ಮನಸ್ಸು ಮಾಡಿದ್ದರು. ಕಾಗದ ಬರೆದು, ಸಹಿಯೊಂದನ್ನು ಬಿಟ್ಟು ಉಳಿದದ್ದೆಲ್ಲ ಮುಗಿಸಿ, ಮೇಜಿನ ಖಾನೆಯಲ್ಲಿಟ್ಟಿದ್ದರು. ಅವಳು ಕೊನೆಯ ಸಲ ಬಂದಾಗ ಅವಳೆದುರೇ ಸಹಿ ಹಾಕಿ ಕೈಗೆ ಕೊಟ್ಟು ಕಳಿಸುವುದೆಂದು ಇತ್ತು.

ಆ ದಿನ ಅವಳು ನಿನ್ನೆಯದನ್ನು ಅರ್ಧ ಹೇಳಿದ್ದಳು. ಮೇಜಿನ ಮೇಲಿನ ಫೋನ್ ಹೊಡೆದುಕೊಂಡಿತು. ಅಕ್ಕ. ಎತ್ತಿದರೆ ಆ ಕಡೆಯಿಂದ ಬರೀ ಅಳು. ಯಾರದೋ ಮನೆಯಲ್ಲಿ ಕೂಡಿಹಾಕಿದ್ದಾರೆ, ವಾಸನೆ ಬರುತ್ತಿದೆ, ತಲೆ ಸುತ್ತುತ್ತಿದೆ. ಗ್ಯಾಸ್ ಒಲೆ ಎಂದು ಸಮಾಲೋಚಕಿಗೆ ಹೊಳೆಯಿತು. ಹೊಳೆದದ್ದಷ್ಟೇ. ಎಷ್ಟೋ ಜನರ ಅಳುವನ್ನು ಕುಳಿತು ಕೇಳಿದವರ ಬಾಯಿಂದ, "ಅಕ್ಕಾ, ಅಕ್ಕಾ" ಎನ್ನುವುದು ಬಿಟ್ಟು ಬೇರೆ ಮಾತು ಹೊರಡಲಿಲ್ಲ.

ತಣ್ಣೀರು ಮೇಜಿನ ಮೇಲಿಂದ ಬಾಗಿ ಫೋನ್ ತೆಗೆದುಕೊಂಡಳು.

"ಅಮ್ಮಾ, ನಾನು ನಿಮ್ಮ ಜೊತೆಲೇ ಇದೀನಿ. ಎದುರಿಗೆ ಏನು ಕಾಣ್ತಿದೆ ಹೇಳಿ. ಒಲೆನಾ? ಸರಿ. ಸ್ವಿಚ್ ಯಾವುದನ್ನೂ ಮುಟ್ಬೇಡಿ. ಒಲೆಯ ತಿರುಪು ಅಡ್ಡ ತಿರುಗಿಸಿ. ತಿರುಗಿತಾ? ಗಟ್ಟಿಗಿತ್ತಿ ನೀವು. ಈಗ ಕಿಟಕಿ ತೆಗೀರಿ. ಆಮೇಲೆ ಹೊರಗಿನ ಬಾಗಿಲು. ನಾನೆಲ್ಲೂ ಹೋಗಲ್ಲ." ನಡುವೆ ಫೋನಿಗೆ ಕೈ ಅಡ್ಡ ಹಿಡಿದು ಸಮಾಲೋಚಕಿಗೆ, ದರ್ಜಿಯವರ ಫೋನಿಂದ ಪಕ್ಕದ ಮನೆಯವರಿಗೆ ಹೇಳಿ ಎಂದಳು. ಅವರು ಕೆಳಗೆ ಓಡಿ ಹೇಳಿ ಬಂದರು. ಸ್ವಲ್ಪ ಹೊತ್ತಿಗೆ ಆ ಕಡೆ ಪಕ್ಕದ ಮನೆಯವರ ದನಿ ಕೇಳಿಸಿತು. ಅಕ್ಕ ಜಗುಲಿಯ ಮೇಲೆ ಕೂತು, ಯಾರೋ ಒಳ್ಳೆ ಹುಡುಗಿ ಮಾತಾಡಿದಳು ಎಂದು ಅವರಿಗೆ ಹೇಳುತ್ತಿದ್ದರು.

ಅವಳು ಫೋನ್ ಇಟ್ಟು ನೀರಿನ ಲೋಟ ಮುಂದೆ ತಳ್ಳಿದಳು. "ಏನೂ ಆಗಿಲ್ಲ ಮೇಡಂ. ಪಕ್ಕದವರು ಜೊತೆಗಿರ್ತಾರೆ. ನೀವು ಸ್ವಲ್ಪ ನೀರು ಕುಡೀರಿ."

ಸಮಾಲೋಚಕಿ ಅರ್ಧ ಲೋಟ ಕುಡಿದಿದ್ದರು. ಆಗ ಕಿವಿಗೆ ತಟ್ಟಿತು. ಇದೇ ದನಿ. ಅಕ್ಕನಿಗೆ ಹೇಳಿದ ದನಿ, ಈಗ ನೀರು ಕುಡೀರಿ ಎಂದ ದನಿ, ವಾರವಾರ ನಿದ್ದೆ ಬರುತ್ತಿದೆ ಎಂದ ದನಿ, ಮೂರೂ ಒಂದೇ. ಅವರು ಲೋಟ ಕೆಳಗಿಟ್ಟು ಅವಳನ್ನು ನೋಡಿದರು. ಮುಖದಲ್ಲಿ ಒಂದು ಗೆರೆಯೂ ಅಲುಗಿರಲಿಲ್ಲ. ಬಲಗೈ ಮಾತ್ರ ಎಡದ ಅಂಗಿತೋಳಿನ ಗುಂಡಿ ಬಿಚ್ಚಿ ಒಳಗೆ ಹೋಗಿತ್ತು. ಅವಳು ಯಾವಾಗಲೂ ಮಣಿಕಟ್ಟಿನವರೆಗೆ ಗುಂಡಿ ಹಾಕಿದ ತುಂಬು ತೋಳಿನ ಅಂಗಿ ತೊಡುತ್ತಿದ್ದಳು. ಅದು ಸಮವಸ್ತ್ರ ಎಂದು ಸಮಾಲೋಚಕಿ ಇಷ್ಟು ದಿನ ಅದರತ್ತ ಗಮನ ಕೊಟ್ಟಿರಲಿಲ್ಲ.

"ಕೈ ತೋರಿಸಮ್ಮ."

"ಏನಿಲ್ಲ ಮೇಡಂ."

"ತೋರಿಸು."

ಮೊದಲ ಬಾರಿಗೆ ಏಕವಚನ ಬಂದಿತ್ತು. ಅವಳು ತೋಳು ಮೇಲೆ ಸರಿಸಿದಳು. ಮಣಿಕಟ್ಟಿನಿಂದ ಮೊಣಕೈವರೆಗೆ ಉಗುರಿನ ಗುರುತು. ಕಪ್ಪಾದ ಹಳೆಯವು, ಕೆಂಪಗಿನ ಹೊಸವು. ಕರೆ ಎತ್ತಿದಾಗಲೆಲ್ಲ ಹೀಗೆ ಒತ್ತಿ ಹಿಡಿದರೆ ದನಿ ನಡುಗುವುದಿಲ್ಲ ಎಂದಳು. ಫೋನಿನಿಂದ ಎಬ್ಬಿಸಿದ ಮೇಲೂ ಅಭ್ಯಾಸ ಬಿಟ್ಟಿಲ್ಲ. ನಲ್ಲಿಯಲ್ಲಿ ನೀರು ಬಿಟ್ಟರೆ ಅದರೊಳಗೆ ಫೋನ್ ಹೊಡೆದುಕೊಂಡ ಹಾಗೆ ಕೇಳಿಸುತ್ತದೆ. ಮಲಗಿದ ಮಗನ ಮೂಗಿನ ಹತ್ತಿರ ಕೈ ಇಟ್ಟು ಉಸಿರು ನೋಡುತ್ತ ಬೆಳಗಾಗುತ್ತದೆ.

"ಮತ್ತೆ ನೀನು ಹೇಳ್ತಿದ್ದ ನಿನ್ನೆಗಳು?"

"ಎಂಥ ನಿನ್ನೆ ಹೇಳಿದ್ರೆ ನಿಮಗೆ ಸಮಾಧಾನ ಆಗುತ್ತೋ ಅಂಥದ್ದು ಹೇಳ್ತಿದ್ದೆ," ಎಂದಳು. "ನೀವು ಮೊದಲೇ ಸುಸ್ತಾಗಿದ್ರಿ ಮೇಡಂ. ನನ್ನದೂ ಯಾಕೆ ಹೊರಿಸೋದು ಅಂತ."

ಕೆಳಗೆ ಹೊಲಿಗೆ ಯಂತ್ರ ನಿಂತಿತ್ತು. ದರ್ಜಿ ಮೆಟ್ಟಿಲ ಬುಡಕ್ಕೆ ಬಂದು, ಮನೆಯಲ್ಲಿ ಎಲ್ಲ ಸರಿಯಾಯಿತೇ ಎಂದು ಕೂಗಿ ವಿಚಾರಿಸಿದ. ಸರಿಯಾಯಿತು ಎಂದರು ಸಮಾಲೋಚಕಿ. ಅವರಿಗೆ ಅಕ್ಕನ ಹತ್ತಿರ ಓಡಬೇಕಿತ್ತು. ಓಡಿದರೆ ಇವಳು ಮೆಟ್ಟಿಲಿಳಿದು ಆಟೋ ಹಿಡಿದು ಕೊಡುತ್ತಾಳೆ, ಜೋಪಾನ ಮೇಡಂ ಎನ್ನುತ್ತಾಳೆ, ಸೋಮವಾರ ಹೋಗಿ ಆ ಕುರ್ಚಿಯಲ್ಲಿ ಕೂರುತ್ತಾಳೆ. ಅವರು ಕೂತಲ್ಲೇ ಕೂತರು. ಆ ಸಂಜೆ ಅವರಿಗೆ ಅದಕ್ಕಿಂತ ಕಷ್ಟದ ಕೆಲಸ ಬೇರೆ ಇರಲಿಲ್ಲ.

"ಕಾಗದಕ್ಕೆ ನಾನು ಸಹಿ ಹಾಕಲ್ಲ," ಎಂದರು.

ಅವಳು ಅದನ್ನು ಕೇಳಿಸಿಕೊಂಡು ತಲೆಯಾಡಿಸಿದಳು. ಆಮೇಲೆ ಅದೇ ಸಮಾಧಾನದ ದನಿಯಲ್ಲಿ ತನಗೆ ಬೇರೆ ಕೆಲಸ ಬರುವುದಿಲ್ಲ ಎಂದಳು. ತಾನು ಹೋಗದಿದ್ದರೆ ನಿನ್ನೆ ಮೊನ್ನೆ ಸೇರಿದ ಹುಡುಗಿ ಅಲ್ಲಿ ಕೂರುತ್ತಾಳೆ, ಅವಳಿಗೆ ಮಗುವನ್ನು ಕವುಚಿ ಹಿಡಿಸುವುದು ಗೊತ್ತಿಲ್ಲ ಎಂದಳು. ಮಗನ ಶಾಲೆ ಎಂದಳು. ಒಂದೊಂದೂ ನಿಜ. ಸಮಾಲೋಚಕಿ ಯಾವುದನ್ನೂ ಅಲ್ಲಗಳೆಯಲಿಲ್ಲ. ಸಹಿ ಹಾಕುವುದಿಲ್ಲ ಎಂದು ಇನ್ನೊಮ್ಮೆ ಅಂದರು. ಇಷ್ಟು ವಾರ ನೀನು ನನ್ನನ್ನು ನೋಡಿಕೊಂಡಿದ್ದೀಯ, ನಾನು ನೋಡಿಸಿಕೊಂಡಿದ್ದೇನೆ, ತಪ್ಪು ನನ್ನದು, ಹಾಗಾಗಿ ಇನ್ನು ನಾನು ನಿನಗೆ ಆಗುವುದಿಲ್ಲ ಎಂದೂ ಹೇಳಿದರು. ಈ ಕೆಲಸದಲ್ಲಿ ತಮಗಿಂತ ಹಿರಿಯರೊಬ್ಬರಿದ್ದಾರೆ, ಅಲ್ಲಿಗೆ ಹೋಗಬೇಕು ಎಂದು ವಿಳಾಸ ಬರೆದ ಚೀಟಿಯನ್ನು ಮೇಜಿನ ಮೇಲಿಟ್ಟರು. "ಅವರಿಗೆ ಊಟ ಆಯ್ತಾ ಅಂತ ಕೇಳಿ ನೋಡು. ನನ್ನ ಊಟ ಕಟ್ಟಿಕೊಂಡು ನಿನಗೇನಾಗ್ಬೇಕು ಅಂತ ಗದರ್ತಾರೆ. ನಿನಗೆ ಅಂಥೋರೇ ಬೇಕು."

ಅವಳು ಎದ್ದು ನಿಂತಳು. ಆಗ ದನಿ ಒಡೆಯಿತು. ಒಡೆದದ್ದು ಅಳುವಾಗಿ ಅಲ್ಲ. ಕರ್ಕಶವಾಗಿ, ಬೀದಿ ಜಗಳದ ದನಿಯಾಗಿ. ಅಷ್ಟು ವರ್ಷ ಅದನ್ನು ಎಲ್ಲಿ ಅಡಗಿಸಿಟ್ಟಿದ್ದಳೋ.

"ನಿಮ್ಮಕ್ಕನ ಜೀವಕ್ಕೆ ನನ್ನ ದನಿ ಬೇಕಾಯ್ತು. ಅದರಿಂದ ನನ್ನ ಹೊಟ್ಟೆ ತುಂಬೋದು ಮಾತ್ರ ಬೇಡ, ಅಲ್ವಾ? ಹೇಳೋದು ಶಾಸ್ತ್ರ, ಇಕ್ಕೋದು ಗಾಳ. ನೀವು ಒಂದು ಕೆಲಸ ಬೇರೆಯವರಿಗೆ ದಾಟಿಸಿ ಅಂದ್ರಿ. ನಾನು ದಾಟಿಸ್ಲಿಲ್ಲ, ನಿಮ್ಮದನ್ನೂ ಹೊತ್ಕೊಂಡೆ. ಅದಕ್ಕೆ ಇದು ಬಹುಮಾನ."

ಸಮಾಲೋಚಕಿ ಅವಳನ್ನು ಬೈಯಲು ಬಿಟ್ಟರು. ನಡುವೆ ತಡೆದರೆ ಅವಳು ಮತ್ತೆ ತಣ್ಣಗಾಗಿಬಿಡುತ್ತಾಳೆ ಎಂಬ ಭಯ ಅವರಿಗಿತ್ತು. ಅವಳು ಇನ್ನೂ ಅಂದಳು, ಮರ್ಯಾದೆಯ ಎಲ್ಲೆ ದಾಟಿಯೂ ಅಂದಳು. ಅಂದು ಮುಗಿಸಿ, ಹಿರಿಯರ ವಿಳಾಸದ ಚೀಟಿಯನ್ನು ಮೇಜಿನ ಮೇಲಿಂದ ಕಿತ್ತುಕೊಂಡು, ಬಾಗಿಲು ಹಾಕದೆ ಇಳಿದು ಹೋದಳು. ತೋಳಿನ ಗುಂಡಿ ಹಾಕಿಕೊಂಡಿರಲಿಲ್ಲ.

ಸಮಾಲೋಚಕಿ ಆಗಲೇ ಆ ಹಿರಿಯರಿಗೆ ಫೋನ್ ಮಾಡಿ ಕೈಯ ಗುರುತಿನ ವಿಷಯ ತಿಳಿಸಿ, ನಾಳೆಯೇ ಅವಳನ್ನು ನೋಡಬೇಕು ಎಂದು ಕೇಳಿಕೊಂಡರು. ಆಮೇಲೆ ಅಕ್ಕನ ಹತ್ತಿರ ಓಡಿದರು.

ಮೇಲ್ವಿಚಾರಕರಿಗೆ ವಿಷಯ ತಿಳಿದಾಗ ಸಿಟ್ಟು ಬಂತು. ಕೊನೆ ಗಳಿಗೆಯಲ್ಲಿ ಕೈಕೊಟ್ಟಿರಿ ಎಂದರು. ತಿಂಗಳು ಮುಗಿಯುವ ಮೊದಲು ಕಚೇರಿ ತನ್ನವರನ್ನು ಬೇರೊಬ್ಬ ಸಮಾಲೋಚಕರ ಹತ್ತಿರ ಕಳಿಸತೊಡಗಿತು. ಬೇಗ ಬೇಗ ಸಹಿ ಹಾಕುತ್ತಾರೆ ಎಂದು ಆತನಿಗೆ ಹೆಸರಿದೆ. ಸಮಾಲೋಚಕಿ ಸಂಜೆಯ ಸರದಿಗಳನ್ನು ನಿಲ್ಲಿಸಿದರು, ಅಕ್ಕನನ್ನು ನೋಡಿಕೊಳ್ಳುವ ಹೆಂಗಸನ್ನು ಇನ್ನಷ್ಟು ಹೊತ್ತು ಇರಲು ಒಪ್ಪಿಸಿದರು, ಇದ್ದ ಎರಡು ಚಿನ್ನದ ಬಳೆ ಅದಕ್ಕೇ ಹೋದವು. ವಾರಕ್ಕೊಮ್ಮೆ ತಾವೂ ಆ ಹಿರಿಯರ ಎದುರು ಹೋಗಿ ಕೂರುತ್ತಾರೆ. ಅಲ್ಲಿ ಒಮ್ಮೆ ತಣ್ಣೀರು ಹೇಗಿದ್ದಾಳೆ ಎಂದು ಕೇಳಿದರು. ಹಿರಿಯರು ಕನ್ನಡಕದ ಮೇಲಿಂದ ನೋಡಿ, ಅವಳ ವಿಷಯ ನಿನಗೆ ಹೇಳಬಾರದು ಎಂಬುದು ನಿನಗೆ ಗೊತ್ತು ಎಂದರು. ಆಮೇಲೆ, "ಬರ್ತಾಳೆ. ಜಗಳ ಆಡ್ತಾಳೆ" ಎಂದಷ್ಟೇ ಸೇರಿಸಿದರು.

ಉಳಿದದ್ದು ದರ್ಜಿಯಿಂದ ತಿಳಿಯಿತು. ಅವನ ನಾದಿನಿ ಅವಳದೇ ಬೀದಿಯವಳು. ಒಂದು ಬೆಳಿಗ್ಗೆ ತಣ್ಣೀರು ಅತ್ತೆಯ ಮೇಲೆ ನಾಲ್ಕು ಮನೆಗೆ ಕೇಳುವ ಹಾಗೆ ಕೂಗಾಡಿದಳಂತೆ. ಹಲ್ಲೂ ಇಲ್ಲ, ಡಾಕ್ಟರೂ ಇಲ್ಲ, ನನಗೆ ತಲೆ ಕೆಟ್ಟಿದೆ, ಅದಕ್ಕೆ ಹೋಗುತ್ತಿದ್ದೆ ಎಂದಳಂತೆ. ಅತ್ತೆ ಬಾಗಿಲು ಹಾಕಿಕೊಂಡು ಬಂದು, "ಗೊತ್ತಿತ್ತು ಕಣೇ. ಕೂತ್ಕೋ, ಮೊದಲು ತಿನ್ನು" ಎಂದರಂತೆ. ಈಗ ಮಗನ ಪಕ್ಕ ಮಲಗುವುದು ಅಜ್ಜಿ. ಇವಳನ್ನು ಬೇರೆ ಕೋಣೆಗೆ ಅಟ್ಟಿದ್ದಾರೆ.

ಸಮಾಲೋಚಕಿ ಅವಳನ್ನು ಒಮ್ಮೆ ಬಸ್ ನಿಲ್ದಾಣದಲ್ಲಿ ಕಂಡರು. ಉಗ್ರಾಣದ ನೀಲಿ ಅಂಗಿ, ಅರ್ಧ ತೋಳಿನದು. ಕೈ ಮೇಲೆ ಹೊಸ ಗುರುತು ಇರಲಿಲ್ಲ, ಹಳೆಯವು ಮಾಸುತ್ತಿದ್ದವು. ಕಣ್ಣು ಕೂಡಿತು. ಅವಳು ನಗಲಿಲ್ಲ, ಊಟ ಆಯ್ತಾ ಎಂದು ಕೇಳಲಿಲ್ಲ. ಮುಖ ತಿರುಗಿಸಿ ಬಸ್ಸು ಹತ್ತಿದಳು.

ಅವಳ ಕುರ್ಚಿ ಹೋಯಿತು, ಸಂಬಳದಲ್ಲಿ ಹತ್ತಿರ ಹತ್ತಿರ ಅರ್ಧ ಹೋಯಿತು, ಮಗನನ್ನು ಕಡಿಮೆ ಶುಲ್ಕದ ಶಾಲೆಗೆ ಬದಲಿಸಬೇಕಾಯಿತು. ಕಚೇರಿಗೆ ಅದರ ಅತ್ಯುತ್ತಮ ದನಿ ಹೋಯಿತು. ಸಮಾಲೋಚಕಿಗೆ ಒಂದು ದೊಡ್ಡ ಕೆಲಸ ಹೋಯಿತು, ತಣ್ಣೀರು ಇಟ್ಟಿದ್ದ ವಿಶ್ವಾಸವೂ ಹೋಯಿತು, ಅದು ಮರಳಿ ಬರುವುದಿಲ್ಲ. ಅವಳಿಗೆ ಈಗ ರಾತ್ರಿ ನಿದ್ದೆ ಬರುತ್ತದೆ.